ಗಾಳಿ ಹೊಗದ ಹಾಗೆ ಕಟ್ಟಿದ ಆರು ಬಾಟಲಿ

ಲೇಡೀಸ್ ಹಾಸ್ಟೆಲ್, ಕುಂದಾಪುರ
19-10-2024, ಶನಿವಾರ ಸಂಜೆ

ಪ್ರೀತಿಯ ಸುರಕ್ಷಕ್ಕನಿಗೆ,

ಕಾಲೇಜಿಗೆ ಸೇರಿದ ಮೇಲೆ ನಿನಗೆ ಒಂದೇ ಒಂದು ಪತ್ರ ಬರೆದದ್ದು. ಬೈಯಬೇಡ. ಪಾಪುವಿಗೆ ಹಲ್ಲು ಬಂತು ಅಂತ ಅಮ್ಮ ಹೇಳಿದಳು. ಅವನಿಗೊಂದು ಕಾರ್ಡು ಮಾಡಿಟ್ಟು ಹದಿನೈದು ದಿನ ಆಯಿತು, ಪೋಸ್ಟ್ ಮಾಡಲಿಲ್ಲ. ಇಲ್ಲಿ ಭಾನುವಾರ ಅರ್ಧ ಗಂಟೆ ಮಾತ್ರ ಫೋನು ಕೈಗೆ ಸಿಗುತ್ತದೆ, ಅದೂ ವಾರ್ಡನ್ ಮೇಡಂ ಆಫೀಸಿನ ಬಾಗಿಲಲ್ಲಿ ನಿಂತು ಮಾತಾಡಬೇಕು. ಬ್ರಹ್ಮಾವರದಲ್ಲಿ ನಿನ್ನ ಫೋನನ್ನು ಅತ್ತೆ ಎತ್ತಿದರೂ ಎತ್ತಬಹುದು. ಈ ವಿಷಯ ಹಾಗೆ ಹೇಳುವಂಥದ್ದಲ್ಲ.

ಅಕ್ಕಾ, ನಾನೊಂದು ತಪ್ಪು ಮಾಡಿದ್ದೇನೆ. ಅದು ಇನ್ನೂ ಮುಗಿದಿಲ್ಲ ಅನ್ನುವುದೇ ಹೆದರಿಕೆ. ಆರು ಬಾಟಲಿ ಇಟ್ಟಿದ್ದೆ. ಒಂದು ಒಡೆದುಹೋಯಿತು, ನಾಲ್ಕು ಇವೆ, ಒಂದು ಕಾಣುತ್ತಿಲ್ಲ. ನಮ್ಮ ಮೆಸ್ಸಿನ ಬಾಗಿಯಮ್ಮ ನಿನ್ನೆಯಿಂದ ಕೆಲಸಕ್ಕೆ ಬಂದಿಲ್ಲ. ಇವೆರಡಕ್ಕೂ ಸಂಬಂಧ ಇಲ್ಲದೆ ಇರಲಿ ಅಂತ ಮನಸ್ಸಿನಲ್ಲೇ ಕೊಲ್ಲೂರಮ್ಮನಿಗೆ ಹರಕೆ ಹೊತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಇದ್ದವಳು ನಾನು. ಬೆಲ್ ಹೊಡೆದ ತಕ್ಷಣ ತಟ್ಟೆ ಹಿಡಿದು ಓಡುತ್ತೇನಂತೆ. ಹಾಗಾಗಿ ಸೀನಿಯರ್ಸ್ ನನಗೆ ‘ಟಿಫಿನ್’ ಅಂತ ಹೆಸರಿಟ್ಟಿದ್ದರು. ಮೂರು ತಿಂಗಳಲ್ಲಿ ಒಬ್ಬರೂ ವಿನಯಾ ಅಂತ ಕರೆದದ್ದಿಲ್ಲ. ಒಂದು ದಿನ ಮೈಕ್ರೋಬಯಾಲಜಿ ಕ್ಲಾಸಿನಲ್ಲಿ ಸರ್ ಯೀಸ್ಟ್ ಬಗ್ಗೆ ಹೇಳುತ್ತ, ಹಿಂದಿನ ಕಾಲದಲ್ಲಿ ಉಳಿದ ಬ್ರೆಡ್ಡಿನಿಂದಲೇ ಬಿಯರ್ ಮಾಡುತ್ತಿದ್ದರು ಅಂದರು. ನಾನು ಊಟದ ಟೇಬಲ್ಲಿನಲ್ಲಿ ಅದನ್ನೇ ದೊಡ್ಡದಾಗಿ ಹೇಳಿದೆ. ಎದುರಿಗೆ ಕೂತಿದ್ದ ಫೈನಲ್ ಇಯರಿನ ಸ್ವಾತಿ ಚಮಚ ಕೆಳಗಿಟ್ಟಳು. “ಹ್ವಾಯ್ ಟಿಫಿನ್, ಬರೀ ಬಾಯಲ್ಲಿ ಎಂತ? ಮಾಡ್ ಕಾಂಬ! ಫ್ರೆಷರ್ಸ್ ಡೇಗೆ ನಿಂದೇ ಐಟಂ.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು.

ನಮ್ಮಲ್ಲಿ ಉಳಿದದ್ದೆಲ್ಲ ಬಾಗಿಯಮ್ಮನ ದನಕ್ಕೆ ಸೇರಿದ್ದು. ಅಕ್ಕಿ ತೊಳೆದ ನೀರು, ಗಂಜಿ ತೆಳಿ, ಬ್ರೆಡ್ಡಿನ ಅಂಚು ಎಲ್ಲ ಸೇರಿಸಿದ ಅಕ್ಕಚ್ಚನ್ನು ಮುಚ್ಚಳದ ಬಕೆಟ್ಟಿನಲ್ಲಿ ತುಂಬಿಸಿಕೊಂಡು ಅವಳು ನಾಲ್ಕೂವರೆ ಬಸ್ಸಿಗೆ ತಲ್ಲೂರಿಗೆ ಹೋಗುತ್ತಾಳೆ. “ದನಕ್ಕೂ ಒಂದ್ ಟಿಕೆಟ್ ತಕಣಿ ಬಾಗಿಯಮ್ಮ” ಅಂತ ಕಂಡಕ್ಟರ್ ದಿನಾ ತಮಾಷೆ ಮಾಡುತ್ತಾನಂತೆ. ನಾನು ಬ್ರೆಡ್ಡು ಕೇಳಿದಾಗ ಸೊಂಟಕ್ಕೆ ಕೈ ಇಟ್ಟು ನಿಂತಳು.

“ಎಂತಕ್ಕೆ ಹೆಣೆ?”

“ಪ್ರಾಜೆಕ್ಟ್, ಬಾಗಿಯಮ್ಮಾ.”

“ನನ್ ದನದ್ ಬಾಯಿಂದ ಕಸ್ಕಂಡ್ ಓದುದಾ? ಹಂಗಾರೆ ಫಸ್ಟ್ ಕ್ಲಾಸ್ ಬರ್ಕ್ ಕಾಣ್!”

ಹೀಗಂದು ನಾಲ್ಕು ದಿನದ ಅಂಚನ್ನೆಲ್ಲ ಕಟ್ಟಿ ಕೊಟ್ಟಳು. ಉಳಿದ ರಾಗಿ ಮಾಲ್ಟನ್ನೂ ಡಬ್ಬಿ ಕೆರೆದು ಕೊಟ್ಟಳು. ಬೆಲ್ಲ ಮೆಸ್ಸಿನದೇ. ಯೀಸ್ಟ್ ಪೇಟೆಯ ಬೇಕರಿಯಲ್ಲಿ ಸಿಕ್ಕಿತು. ಹಳೆಯ ನೀರಿನ ಕ್ಯಾನಿನಲ್ಲಿ ಎಲ್ಲ ಸೇರಿಸಿ ಬಟ್ಟೆ ಮುಚ್ಚಿ ಒಂದು ವಾರ ಇಟ್ಟೆ. ಕಿವಿಯಿಟ್ಟರೆ ಒಳಗೆ ಯಾರೋ ಪಿಸುಗುಟ್ಟುವ ಹಾಗೆ ಸದ್ದು. ಇಡ್ಲಿ ಹಿಟ್ಟು ಉಕ್ಕಿದ ವಾಸನೆ. ಸೋಸಿ, ಮೆಸ್ಸಿನ ಖಾಲಿ ಸ್ಕ್ವಾಷ್ ಬಾಟಲಿಗಳಿಗೆ ತುಂಬಿದೆ. ಸ್ವಾತಿಗೆ ನೊರೆ ಬರಬೇಕಂತೆ. ಪ್ರತಿಯೊಂದಕ್ಕೂ ಇನ್ನಷ್ಟು ಬೆಲ್ಲ ಹಾಕಿದೆ.

ತಪ್ಪಾದದ್ದು ಆಮೇಲೆ ಅಕ್ಕಾ. ಅಮ್ಮ ಮಿಡಿ ಉಪ್ಪಿನಕಾಯಿ ಭರಣಿ ಕಟ್ಟುವುದು ಹೇಗೆ? ಮುಚ್ಚಳ, ಮೇಲೆ ಮೇಣ, ಮೇಲೆ ಬಟ್ಟೆ, ಮತ್ತೆ ಏಳು ಸುತ್ತು ಹುರಿಹಗ್ಗ. “ಗಾಳಿ ಹೊಗ್ರೆ ಬೂಸ್ರ್ ಬತ್ತ್ ಮಕ್ಳೇ, ಬಿಗಿ ಹಿಡೀನಿ” ಅನ್ನುತ್ತಿದ್ದಳಲ್ಲ. ನಾನು ಆರಕ್ಕೂ ಹಾಗೇ ಕಟ್ಟಿದೆ. ನಾವಿಬ್ಬರೂ ಭರಣಿಯ ಹಗ್ಗ ಹಿಡಿದು ಬೆಳೆದವರು. ಹೊರಗಿನ ಗಾಳಿ ಒಳಗೆ ಹೋಗಬಾರದು ಅಂತಷ್ಟೇ ನಮಗೆ ಗೊತ್ತು. ಒಳಗಿನ ಗಾಳಿ ಹೊರಗೆ ಹೋಗಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಮೆಸ್ಸಿನ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ, ತೆಂಗಿನ ಮಡಲಿನ ರಾಶಿಯ ಹಿಂದೆ ಇಟ್ಟೆ. ಮೇಲೆ ತಗಡಿನ ಮಾಡು. ಈ ವಾರದ ಬಿಸಿಲು ನಿನಗೆ ಗೊತ್ತೇ ಇದೆ.

ಬುಧವಾರ ಮಧ್ಯಾಹ್ನ ಊಟಕ್ಕೆ ಬರುವಾಗ ‘ಢಂ’ ಅಂತ ಸದ್ದು. ಎಲ್ಲರೂ ಹೈವೇಯಲ್ಲಿ ಲಾರಿಯ ಟಯರ್ ಹೋಯಿತು ಅಂದರು. ನಾನು ಮೆಲ್ಲಗೆ ಕೊಟ್ಟಿಗೆಗೆ ಹೋಗಿ ನೋಡಿದೆ. ಗಾಜಿನ ಒಂದು ಚೂರು ತಗಡಿನ ಕೆಳಗಿನ ಮರದ ಪಕಾಸಿಗೆ ನಾಟಿ ನಿಂತಿತ್ತು. ಅಲ್ಲಿಂದ ಸೀದಾ ಲೈಬ್ರರಿಗೆ ಓಡಿದೆ. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹೀಗೆ ಕಟ್ಟಿದ್ದು ಒಂದು ಒಡೆದರೆ ಉಳಿದದ್ದೂ ಒಡೆಯುತ್ತದೆ, ಅಲುಗಾಡಿಸಿದರೂ ಸಾಕು. ಸ್ವಾತಿಗೆ ತೋರಿಸಿದೆ. “ಇಪ್ಪತ್ತಾರಕ್ಕೆ ಫಂಕ್ಷನ್. ಅಲ್ಲಿವರೆಗೆ ಮುಟ್ಟೋದೂ ಬೇಡ, ಬಾಯಿ ಬಿಡೋದೂ ಬೇಡ. ಗೊತ್ತಾದ್ರೆ ಎಲ್ಲರೂ ಸಸ್ಪೆಂಡ್, ವಿನಯಾ” ಅಂದಳು. ನನ್ನ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಗಾಜನ್ನು ಬಾಗಿಯಮ್ಮನೇ ಗುಡಿಸಿದಳು. ಗುರುವಾರವೂ ಬಂದಿದ್ದಳು. ನಿನ್ನೆ ಇಲ್ಲ, ಇವತ್ತೂ ಇಲ್ಲ. ಇವತ್ತು ಸಂಜೆ ಧೈರ್ಯ ಮಾಡಿ ಕೊಟ್ಟಿಗೆಯ ಬಾಗಿಲಿನಿಂದಲೇ ಎಣಿಸಿದೆ. ನಾಲ್ಕು. ನಾಳೆ ಔಟ್‌ಪಾಸ್ ತೆಗೆದುಕೊಂಡು ತಲ್ಲೂರಿಗೆ ಹೋಗುತ್ತೇನೆ. ಪತ್ರವನ್ನು ಬಂದ ಮೇಲೆ ಮುಗಿಸುತ್ತೇನೆ.

ಭಾನುವಾರ, ಮಧ್ಯಾಹ್ನ

ಹೋಗಿ ಬಂದೆ ಅಕ್ಕಾ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ ಕೇಳಿದೆ. “ಕಣ್ಣಿಗ್ ಪೆಟ್ಟಾದ ಬಾಗಿಯಾ?” ಅಂದರು.

ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎಡಗಣ್ಣಿಗೆ ಬ್ಯಾಂಡೇಜು, ಬಲಗೈ ಮೊಣಕೈವರೆಗೆ ಸುತ್ತಿದ್ದಾರೆ. ಅವಳ ಗಂಡ ಗಣಪಣ್ಣ ನನ್ನನ್ನು ನೋಡಿ, “ಹಾಸ್ಟೆಲ್ಲಿನ್ ಹೆಣ್ ಬಂದಿತ್ತ್” ಅಂದು ಒಳಗೆ ಹೋಗಿಬಿಟ್ಟ. ಹಟ್ಟಿಯಲ್ಲಿ ದನ ಒಂದೇ ಸಮನೆ ಕೂಗುತ್ತಿತ್ತು. ಎರಡು ದಿನದಿಂದ ಅಕ್ಕಚ್ಚು ಇಲ್ಲ.

“ಗಾಜ್ ಹೆಕ್ಕುವತಿಗೇ ವಾಸ್ನಿ ಬಂತ್ ಮಗಾ” ಅಂದಳು ಬಾಗಿಯಮ್ಮ, ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತ. “ನಮ್ಮನಿಯವ್ರ್ ಕುಡುದ್ ಬಿಟ್ಟ್ ಹತ್ತ್ ವರ್ಷ ಆಯ್ತ್. ಆ ವಾಸ್ನಿ ನಂಗ್ ಗೊತ್ತಿಲ್ಯಾ? ಸೋಮವಾರ ಹೊಸ ಸೌದಿ ಬತ್ತ್, ಮೇಡಂ ಕೊಟ್ಗಿ ಕಾಂತ್ರ್. ನಿಮ್ಮ್ ಓದ್ ಹಾಳಾತ್ತಲಾ. ಒಂದೊಂದೇ ಅಕ್ಕಚ್ಚಿನ್ ಅಡಿಗ್ ಹಾಯ್ಕಂಡ್ ಬಂದ್ ಚೆಲ್ವ ಅಂದ್ಕಂಡೆ.”

ಬಸ್ಸಿನಲ್ಲಿ ಬಕೆಟ್ಟನ್ನು ಕಾಲ ಮೇಲೆ ಇಟ್ಟುಕೊಂಡೇ ಬಂದಳಂತೆ. ಪಕ್ಕದಲ್ಲಿ ಬಾಲವಾಡಿಯ ಮಕ್ಕಳು ನಿಂತಿದ್ದರಂತೆ. ಮನೆಗೆ ಬಂದು, ತೆಂಗಿನ ಬುಡದಲ್ಲಿ ಕೂತು, ಹಗ್ಗ ಕೊಯ್ಯಲು ಕತ್ತಿ ಇಟ್ಟದ್ದಷ್ಟೇ.

“ಆಸ್ಪತ್ರೆಲಿ ನಾನ್ ಸೋಡಾ ಬಾಟ್ಲಿ ಅಂದಿದೆ. ನಿನ್ ಹೆಸ್ರ್ ತೆಗ್ದಿಲ್ಲೆ. ನಾಲ್ಕ್ ಉಳ್ದಿತ್ತ್, ಅದನ್ನ್ ಮಾತ್ರ ಮುಟ್ಟುಕಾಗ, ಆಯ್ತಾ?”

ನಾನು ಅಳುತ್ತ ಅವಳ ಕಾಲು ಹಿಡಿದುಕೊಂಡೆ. “ಎಂತಕ್ ಮರ್ಕುದ್ ನೀನ್? ಹೋಯ್ಲಿ ಬಿಡ್, ಇನ್ನೊಂದ್ ಕಣ್ಣ್ ಇತ್ತಲೆ” ಅಂದಳು. ತಮಾಷೆಗೆ ಹೇಳಿದ್ದು. ಒಳಗಿನಿಂದ ಗಣಪಣ್ಣ ಕೆಮ್ಮಿದ ಸದ್ದು ಕೇಳಿಸಿತು, ಅಷ್ಟೇ. ಅವನು ಒಂದೇ ಒಂದು ಬೈಗುಳ ಬೈದಿದ್ದರೂ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಬಂದವಳೇ ವಾರ್ಡನ್ ಮೇಡಂ ಹತ್ತಿರ ಹೋಗಿ, ಕೊಟ್ಟಿಗೆಯಲ್ಲಿ ಏನಿದೆ, ಯಾರು ಮಾಡಿದ್ದು, ಬಾಗಿಯಮ್ಮನಿಗೆ ಏನಾಯಿತು ಅಂತ ಹೇಳಿದೆ. ಸ್ವಾತಿಯ ಹೆಸರು ಹೇಳಲಿಲ್ಲ. ಅದು ಒಳ್ಳೆಯತನ ಅಲ್ಲ, ಹೆದರಿಕೆ. ಮೇಡಂ ಕೂಡಲೇ ಕಾಲೇಜಿನ ಲ್ಯಾಬಿನವರನ್ನು ಕರೆಸಿದರು. ಅವರು ದೂರದಿಂದಲೇ ಒದ್ದೆ ಗೋಣಿಚೀಲ ಎಸೆದು ಮುಚ್ಚಿ, ಬಾಗಿಲಿಗೆ ಬೀಗ ಹಾಕಿದ್ದಾರೆ. ತಣ್ಣಗಾಗುವವರೆಗೆ ಯಾರೂ ಹತ್ತಿರ ಹೋಗಬಾರದಂತೆ. ಮೆಸ್ಸು ಬಂದ್. ಕಾರಿಡಾರಿನಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ.

ಈ ಸಾಲು ಬರೆಯುವಾಗ ಆ ಕಡೆಯಿಂದ ಒಂದು ಸದ್ದು ಬಂತು. ಇನ್ನು ಮೂರು.

ಮಂಗಳವಾರ ಬೈಂದೂರಿನಿಂದ ಅಪ್ಪಯ್ಯ ಬರಬೇಕಂತೆ, ಮೇಡಂ ಫೋನ್ ಮಾಡಿಯಾಗಿದೆ. ಬುಧವಾರ ಬಾಗಿಯಮ್ಮನ ಕಟ್ಟು ಬಿಚ್ಚುತ್ತಾರೆ. ಕಣ್ಣು ಕಾಣುತ್ತದೋ ಇಲ್ಲವೋ ಆವಾಗಲೇ ಗೊತ್ತಾಗುವುದು ಅಂತ ಡಾಕ್ಟರು ಹೇಳಿದ್ದಾರಂತೆ. ಅಕ್ಕಾ, ಅವತ್ತು ನೀನು ಮೆಡಿಕಲ್ ಶಾಪಿಗೆ ರಜೆ ಹಾಕಿ ಬರುತ್ತೀಯಾ? ಡಾಕ್ಟರು ಹೇಳುವುದು ನಿನಗೆ ಅರ್ಥವಾಗುತ್ತದೆ. ನಾನೊಬ್ಬಳೇ ಆ ಬಾಗಿಲಲ್ಲಿ ನಿಲ್ಲಲಾರೆ.

ಪಾಪುವಿನ ಕೆನ್ನೆಗೆ ನನ್ನದೊಂದು ಮುತ್ತು. ಭಾವನಿಗೆ, ಅತ್ತೆಗೆ ನಮಸ್ಕಾರ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಕೊಲ್ಲೂರಮ್ಮ ಒಳ್ಳೆಯದು ಮಾಡಲಿ.

ನಿನ್ನ ತಂಗಿ,
ವಿನಯಾ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಬುಧವಾರ ಬಾಗಿಯಮ್ಮ ಗಾಜು ಗುಡಿಸುವಾಗ ನಾನು ಅಲ್ಲೇ ಇದ್ದೆ. ಉಳಿದ ಐದನ್ನು ಪೊರಕೆಯಲ್ಲಿ ತೋರಿಸಿ ಕೇಳಿದ್ದಳು, “ಹೆಣೆ, ನೀ ಓದಿದವ್ಳ್, ಹೇಳ್ ಕಾಂಬ. ಇದ್ ಮುಟ್ರೆ ಎಂತಾರೂ ಆತ್ತಾ?” ಆಗಲೇ ನಾನು ಲೈಬ್ರರಿಯಿಂದ ಬಂದಾಗಿತ್ತು. ಸ್ವಾತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. “ಏನೂ ಆಗಲ್ಲ ಬಾಗಿಯಮ್ಮಾ” ಅಂದೆ. ಇವತ್ತು ಅವಳು ಎಲ್ಲ ಹೇಳಿದಳು, ಇದೊಂದನ್ನು ಬಿಟ್ಟು. ಗಂಡನಿಗೂ ಹೇಳಿಲ್ಲ, ನನಗೆ ಗೊತ್ತಾಯಿತು. ನಾನೂ ಮೇಡಂಗೆ ಹೇಳಲಿಲ್ಲ. ಹೊರಟು ನಿಂತಾಗ, “ಬಿಸ್ಲಲ್ ಬಂದವ್ಳ್, ಒಂಚೂರ್ ಅವಲಕ್ಕಿ ತಿಂದ್ಕಂಡ್ ಹೋಗ್” ಅಂದಳು. ಎಡಗೈಯಲ್ಲೇ ಕಲಸಿ ಕೊಟ್ಟಳು. ತಿಂದು ಬಂದೆ ಅಕ್ಕಾ.