ಸಮ ತಾಳದ ಸರ್ಟಿಫಿಕೇಟ್

ಜೂನ್ 3, ಸೋಮವಾರ, ಸಂಜೆ 6

ನೂರ ತೊಂಬತ್ತೆರಡು ಪುಟಗಳ ಏಕಚ್ಛತ್ರಾಧಿಪತಿಗಳೂ, ಟೀ ಕಲೆಯಿಂದ ಶೋಭಿತರೂ, ಬಾಯಿ ಬಿಡದಿರುವುದರಲ್ಲಿ ಅದ್ವಿತೀಯರೂ ಆದ ಶ್ರೀಮನ್ಮಹಾ ನೋಟ್‌ಬುಕ್ಕಿನವರ ಸನ್ನಿಧಾನಕ್ಕೆ, ಆಸ್ಪತ್ರೆಯ ಕಿವಿ ವಿಭಾಗದ ಕಿರಿಯ ಪರೀಕ್ಷಕನ ಸಾಷ್ಟಾಂಗ ಪ್ರಣಾಮಗಳು. ಇಂದು ಹದಿಮೂರು ಕಿವಿಗಳ ಪರೀಕ್ಷೆ ಸಾಂಗವಾಗಿ ನೆರವೇರಿತು. ಒಬ್ಬರು ಒಂದೇ ಕಿವಿ ಸಾಕು ಅಂದರು.

ಕೆಲಸ ಕಲಿಸುವ ಮೇಡಂ ಹತ್ತಿರ ಬೈಸಿಕೊಂಡದ್ದೂ ಆಯಿತು. ಹೆಡ್‌ಫೋನಿನಲ್ಲಿ ಬೀಪ್ ಕೇಳಿಸಿದಾಗಲೆಲ್ಲ ರೋಗಿ ಕೈ ಎತ್ತಬೇಕು; ನಾನು ಆ ಬೀಪ್‌ಗಳನ್ನು ಗಡಿಯಾರದ ಹಾಗೆ ಸಮನಾಗಿ ಕೊಡುತ್ತೇನಂತೆ. ಅಂತರ ಏರುಪೇರಾಗಿರಬೇಕು. ಸಮ ತಾಳ ಸಿಕ್ಕರೆ ಮಿದುಳಿನ ಅಲೆಗಳೂ ಅದರ ಜೊತೆ ಹೆಜ್ಜೆ ಹಾಕುತ್ತವೆ; ಕ್ಷೀಣ ಸದ್ದೂ ದಕ್ಕಿಬಿಡುತ್ತದೆ.

“ಮಿದುಳು ಮುಂಚೇನೇ ಹೋಗಿ ಬಾಗಿಲಲ್ಲಿ ಕಾಯ್ತಾ ನಿಂತಿರುತ್ತೆ ಕಣಪ್ಪ. ಕಿವಿ ಕೇಳಿಸಿಕೊಳ್ತೋ, ಮಿದುಳು ಊಹಿಸ್ತೋ, ನಿಂಗೆ ಗೊತ್ತಾಗಲ್ಲ.”

ಜೂನ್ 6, ಗುರುವಾರ

ಅಮ್ಮ ಬಂದಿದ್ದಳು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಕತ್ತರಿಸುವ ಯಂತ್ರದ ರಾಣಿ. ಹತ್ತೊಂಬತ್ತು ವರ್ಷದಿಂದ ಎರಡು ಸೆಕೆಂಡಿಗೊಮ್ಮೆ ಪೆಡಲ್ ಒತ್ತು, ಥಕ್. ವರ್ಷಕ್ಕೊಮ್ಮೆ ಕಿವಿ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ಯಂತ್ರದಿಂದ ಇಳಿಸುತ್ತಾರೆ. ಮೇಡಂ ಊಟಕ್ಕೆ ಹೋಗಿದ್ದರು. ಗಾಜಿನ ಆಚೆ ಹೆಡ್‌ಫೋನ್ ಹಾಕಿ ಕೂತಳು. ಏರುಪೇರಾಗಿ ಕೊಟ್ಟೆ — ಅರ್ಧಕ್ಕರ್ಧ ಕೈಯೇ ಎತ್ತಲಿಲ್ಲ. ಆಮೇಲೆ... ಕೈ ತಪ್ಪಿ ಸಮ ತಾಳ ಬಂತು. ಎಲ್ಲದಕ್ಕೂ ಕೈ ಎತ್ತಿದಳು. ಪಾಸ್.

“ಏನೋ, ಫಸ್ಟ್ ಕ್ಲಾಸಾ?” ಅಂದಳು.

ಡಿಸ್ಟಿಂಕ್ಷನ್ ಅಂದೆ.

ಜೂನ್ 9, ಭಾನುವಾರ

ಮನೆಯಲ್ಲಿ ರಹಸ್ಯ ಸಂಶೋಧನೆ. ಬೆನ್ನ ಹಿಂದೆ ನಿಂತು “ಅಮ್ಮಾ” ಅಂದೆ. ತಿರುಗಲಿಲ್ಲ. ಇನ್ನೊಮ್ಮೆ. ಇಲ್ಲ. ಎರಡೆರಡು ಸೆಕೆಂಡಿಗೆ ಸರಿಯಾಗಿ ಕರೆಯತೊಡಗಿದೆ. ನಾಲ್ಕನೆಯದಕ್ಕೆ ತಿರುಗಿ, ಮಾಡೋಕೆ ಕೆಲಸ ಇಲ್ವಾ ಅಂತ ಬೈದಳು.

ನಗು ಬರಲಿಲ್ಲ.

ಜೂನ್ 21, ಶುಕ್ರವಾರ, ಮಧ್ಯಾಹ್ನ

ಅಮ್ಮ ಬೇಗ ಮನೆಗೆ ಬಂದಳು.

ಅವಳ ಎದುರು ನಿಂತು ಯಂತ್ರಕ್ಕೆ ಹಾಳೆ ಇಡುವವರನ್ನು ಚಿಕ್ಕಂದಿನಿಂದ ಮಾವ ಅನ್ನುತ್ತೇನೆ. ಇವತ್ತು ಹಾಳೆ ಸಿಕ್ಕಿಕೊಂಡಿತಂತೆ. ಬಿಡಿಸಲು ಕೈ ಒಳಗೆ ಹಾಕಿ, ನಿಲ್ಲಿಸು ಅಂತ ಕೂಗಿದರಂತೆ. ಅಮ್ಮ ತನ್ನ ತಾಳಕ್ಕೆ ಸರಿಯಾಗಿ ಒತ್ತಿದಳು. ಮಾವನ ಎರಡು ಬೆರಳು ಹೋದವು.

“ಅವರು ಕೂಗಲೇ ಇಲ್ಲ ಕಣೋ. ಕೂಗಿದ್ರೆ ಕೇಳಿಸ್ತಿರಲಿಲ್ವಾ? ನೀನೇ ಬರೆದು ಕೊಟ್ಟಿದೀಯಲ್ಲ, ನನ್ನ ಕಿವಿ ಚೆನ್ನಾಗಿದೆ ಅಂತ.”

ಮ್ಯಾನೇಜರ್ ಫೈಲ್ ತೆಗೆದು ಸರ್ಟಿಫಿಕೇಟ್ ನೋಡಿದರಂತೆ. ತಪ್ಪು ಮಾವನದೇ ಅಂತ ತೀರ್ಮಾನ. ಸೋಮವಾರದಿಂದ ಅಮ್ಮ ಮತ್ತೆ ಯಂತ್ರದ ಮುಂದೆ. ಎದುರಿಗೆ ಹೊಸಬರು.

ಸಂಜೆ 7

ಅಮ್ಮನಿಗೆ ಹೇಳಲು ಮೂರು ಸಲ ಅಡುಗೆಮನೆಗೆ ಹೋದೆ. ಮೂರು ಸಲವೂ ನೀರು ಕುಡಿದು ಬಂದೆ.

ಜೂನ್ 22, ಶನಿವಾರ, ಬೆಳಿಗ್ಗೆ 6

ಮೇಡಂಗೆ ಪತ್ರ ಬರೆದಿದ್ದೇನೆ. ಹತ್ತಕ್ಕೆ ಕೊಡುತ್ತೇನೆ. ಅಮ್ಮನನ್ನು ಯಂತ್ರದಿಂದ ಇಳಿಸಲಿ, ನನ್ನ ಕೆಲಸ ಹೋಗಲಿ. ಮಾವ ಸುಳ್ಳು ಹೇಳುತ್ತಿಲ್ಲ ಅಂತ ಬರೆದಿದ್ದೇನೆ. ಸಮ ತಾಳ ಅಂತ ಬರೆದಿದ್ದೇನೆ. ಕಲಿಯುವವನ ಕೈತಪ್ಪು ಅಂತ ಬರೆದಿದ್ದೇನೆ.

ಕೈತಪ್ಪಲ್ಲ.

ಮೇಡಂ ಹೇಳಿದ್ದು ನಿಜವಾ ಅಂತ ನೋಡುವ ಚಪಲ. ಕೊನೆಯ ಎಂಟು ಸಲ ನಾನು ಬೀಪ್ ಕೊಡಲೇ ಇಲ್ಲ. ಗುಂಡಿಯಿಂದ ಬೆರಳು ತೆಗೆದು ಸುಮ್ಮನೆ ಕೂತಿದ್ದೆ. ಎಂಟು ಸಲವೂ, ಎರಡು ಸೆಕೆಂಡಿಗೆ ಸರಿಯಾಗಿ, ಅಮ್ಮ ಕೈ ಎತ್ತಿದಳು. ಬಾಯಿ ಮುಚ್ಚಿಕೊಂಡು ನಕ್ಕೆ. ನಾನು ನಗುವುದು ಕಂಡು ಗಾಜಿನ ಆಚೆ ಅವಳೂ ನಕ್ಕಳು. ಆಮೇಲೆ ಆ ಎಂಟನ್ನೂ ಕೇಳಿಸಿದವು ಅಂತ ನಾನೇ ಬರೆದೆ.