ರಾಣಿಯ ಬಿಳಿ ಮೀಸೆ

ಎರ್ನಾಕುಲಂ, ಕೊಚ್ಚಿ
16 ಜೂನ್ 2024, ಆದಿತ್ಯವಾರ

ಪ್ರೀತಿಯ ತಂಗಿ ಸುಮಿತ್ರಾ,

ನಿನ್ನ ಮೊಣಕಾಲು ನೋವು ಹೇಗುಂಟು? ತಿರುವನಂತಪುರದ ಆ ಮನೆಯ ಮೆಟ್ಟಿಲು ಹತ್ತಿ ಇಳಿಯುವುದು ಸ್ವಲ್ಪ ಕಮ್ಮಿ ಮಾಡು. ಸಕ್ಕರೆ ಕಾಯಿಲೆ ಇದ್ದರೂ ಪರಮೇಶ್ವರ ಭಾವ ಪಾಯಸ ಬಿಡುವುದಿಲ್ಲವಂತೆ, ಅನನ್ಯ ಹೇಳಿದಳು. ನಿನ್ನ ಮಗಳಾದರೂ ನನಗೆ ಫೋನು ಮಾಡುತ್ತಾಳೆ, ನೀನು ಮಾಡುವುದಿಲ್ಲ. ಇರಲಿ. ನಾನು ಗಟ್ಟಿ ಇದ್ದೇನೆ, ನಿನ್ನ ಅತ್ತಿಗೆಯ ಬೈಗುಳವೂ ಗಟ್ಟಿಯೇ ಉಂಟು.

ಇವತ್ತು ಬರೆಯುವುದು ಅಪ್ಪನ ಅರ್ಧ ಪವನಿನ ವಿಷಯ. ಓದದೆ ಮಡಚಿಡಬೇಡ ಮಾರಾಯ್ತಿ. ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪ, ನಾನು ಹುಟ್ಟಿದ ವರ್ಷ ಒಬ್ಬ ಹಡಗಿನವನಿಂದ ಕೊಂಡ, ಬ್ರಿಟಿಷ್ ರಾಣಿಯ ಮುಖವಿದ್ದ ಚಿನ್ನದ ನಾಣ್ಯ ಅದು. ವಿಷುವಿನ ಬೆಳಿಗ್ಗೆ ಎದ್ದ ಕೂಡಲೇ ನೋಡುವ ಕಣಿಯಲ್ಲಿ ಸೌತೆಕಾಯಿಯ ಪಕ್ಕ ಅದು ಮಿನುಗದಿದ್ದರೆ ನಮಗೆ ವರ್ಷವೇ ಸುರುವಾಗುತ್ತಿರಲಿಲ್ಲ. ಅಮ್ಮ ಕಣ್ಣು ಮುಚ್ಚಿ ಕರೆದುಕೊಂಡು ಹೋದರೆ ನೀನು ಬೆರಳ ಸಂದಿಯಿಂದ ಮೊದಲೇ ನೋಡಿಬಿಡುತ್ತಿದ್ದೆ, ಕಳ್ಳಿ.

ಅಪ್ಪ ತೀರಿಕೊಂಡ ಮೇಲೆ ನಿನ್ನ ಮದುವೆಗೆ ಅದನ್ನು ನಾನೇ ಕೊಟ್ಟೆ. ಮೂರನೇ ತಿಂಗಳಲ್ಲಿ ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿದರೆ ಒಳಗೆ ಬೆಳ್ಳಿ. ‘ಅಪ್ಪ ಇಟ್ಟದ್ದು ಇದಲ್ಲ ಅಣ್ಣ’ ಎಂದು ನೀನು ಒಂದೇ ಸಾಲು ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಾಪಸು ಕಳಿಸಿದೆ. ನಾಣ್ಯ ಕೂಡಿಸುವ ಹುಚ್ಚಿನ ಅಣ್ಣ ಅಸಲು ಇಟ್ಟುಕೊಂಡು ನಕಲಿ ಕೊಟ್ಟ ಎಂದು ನೀನು ಎಣಿಸಿದೆ. ನನಗೆ ಸಿಟ್ಟು ಬಂದು ಪೊಟ್ಟಣ ಬಿಚ್ಚದೆ ಪೆಟ್ಟಿಗೆಯ ಅಡಿಗೆ ತಳ್ಳಿದೆ. ನಲವತ್ತೊಂದು ವರ್ಷ ಊರವರ ನಾಣ್ಯವೆಲ್ಲ ನೋಡಿದೆ, ಅದೊಂದನ್ನು ನೋಡಲಿಲ್ಲ.

ಹೋದ ವಾರ ನಮ್ಮ ನಾಣ್ಯದವರ ಕೂಟದಲ್ಲಿ ಜೋಸೆಫ್ ಎಂಬವರು ಅಂಥದ್ದೇ ಒಂದನ್ನು ತೋರಿಸಿದರು. 1887ರಲ್ಲಿ ಬ್ರಿಟಿಷರು ಆರು ಪೆನ್ಸಿನ ಬೆಳ್ಳಿ ನಾಣ್ಯಕ್ಕೆ ಹೆಚ್ಚುಕಮ್ಮಿ ಅರ್ಧ ಪವನಿನದೇ ಅಳತೆ, ಅದೇ ರಾಣಿಮುಖ ಕೊಟ್ಟು, ಬೆಲೆ ಬರೆಯುವುದನ್ನೇ ಬಿಟ್ಟರಂತೆ. ಮೋಸಗಾರರು ಅದಕ್ಕೆ ಚಿನ್ನದ ನೀರು ಕೊಟ್ಟು ಪವನೆಂದು ಚಲಾಯಿಸಿದರು. ಆ ಅಚ್ಚನ್ನು ಬೇಗನೆ ನಿಲ್ಲಿಸಬೇಕಾಯಿತು. ಮನೆಗೆ ಬಂದವನೇ ಪೊಟ್ಟಣ ಬಿಚ್ಚಿದೆ. ಮೊದಲು ಕಂಡದ್ದು ಮೀಸೆ. ನೆನಪುಂಟಾ? ಏಳು ವರ್ಷದವನಿದ್ದಾಗ ನಾನು ರಾಣಿಗೆ ಸೂಜಿಯಲ್ಲಿ ಗೀಚಿದ ಮೀಸೆ. ‘ಅಜ್ಜಿಗೆ ಬಿಳಿ ಮೀಸೆ’ ಎಂದು ನೀನು ಹೊಟ್ಟೆ ಹಿಡಿದು ನಕ್ಕಿದ್ದೆ. ಈಗ ನನ್ನ ಮೀಸೆ ಬೆಳ್ಳಗಾಗಿದೆ, ಅವಳದು ಕಪ್ಪಾಗಿದೆ. ಚಿನ್ನ ಗೀಚಿದರೆ ಬಿಳಿ ಬರುತ್ತದಾ ತಂಗಿ? ಅಪ್ಪ ಅವತ್ತು ಅದನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. ಜೀವಮಾನದಲ್ಲಿ ನನಗೆ ಹೊಡೆದದ್ದು ಆ ಒಂದು ದಿನ. ಆಮೇಲೆ ಪ್ರತಿ ವಿಷುವಿಗೂ ರಾಣಿಯ ಮುಖ ಕೆಳಗೆ ಮಾಡಿಯೇ ಕಣಿಗೆ ಇಟ್ಟರು, ಆ ಮೀಸೆ ನಮಗಿಬ್ಬರಿಗೂ ಮರೆತೇ ಹೋಯಿತು. ಕಸ್ಟಮ್ಸಿನವನೇ ಮೋಸ ಹೋದೆ ಎಂದು ಹೇಳಲು ಅಪ್ಪನಿಗೆ ನಾಚಿಕೆಯಾಯಿತೋ ಏನೋ, ಪಾಪ.

ಭಾವನಿಗೆ ನಮಸ್ಕಾರ, ಅನನ್ಯಳಿಗೆ ನನ್ನ ಮತ್ತು ಅವಳ ಅತ್ತೆಯ ಆಶೀರ್ವಾದ.

ನಿನ್ನ ಅಣ್ಣ,
ಶ್ರೀಹರಿ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಹರಿದೆ. ತಪ್ಪು ನಿನ್ನದೊಬ್ಬಳದೇ ಅಲ್ಲ. ಅಸಲನ್ನು ನೀವು ಗಂಡ ಹೆಂಡತಿ ಕರಗಿಸಿ ನನ್ನ ತಲೆಗೆ ನಕಲಿ ಕಟ್ಟಿದಿರಿ ಎಂದು ನಾನೂ ನಂಬಿದ್ದೆ. ಕಡೆಗಾಲದಲ್ಲಿ ಅಮ್ಮ ಕೇಳಿದಾಗಲೂ ಹಾಗೆಯೇ ಹೇಳಿದೆ. ಅಮ್ಮ ಅದನ್ನೇ ನಂಬಿ ಹೋದಳು. ಶನಿವಾರದ ರೈಲಿಗೆ ಟಿಕೆಟು ಮಾಡಿಸಿದ್ದೇನೆ. ಬಾಗಿಲು ತೆಗೆಯುವುದು, ಬಿಡುವುದು ನಿನಗೆ ಬಿಟ್ಟದ್ದು.