ಒಲೆಯ ಪಕ್ಕದ ಮೊಳೆ

ಹಳೇ ಗಣಿ ರಸ್ತೆ, ಒಂಟೊನಾಗನ್
ಫೆಬ್ರವರಿ ೯

ಪ್ರೀತಿಯ ತಮ್ಮ ಡೇಲ್,

ನೀನು ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿ ವಾರಗಳೇ ಆದವು. ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಅಪ್ಪ ಅವನ್ನು ಸ್ನಾನಕ್ಕೆ ಬಿಟ್ಟರೆ ಕಳಚುವುದಿಲ್ಲ. ನಾವಿಬ್ಬರೂ ಆರಾಮವಾಗಿದ್ದೇವೆ. ಈ ಸಲ ದೊಡ್ಡ ಸರೋವರದ ಕಡೆಯಿಂದ ಬಂದ ಹಿಮ ಅಡುಗೆಮನೆಯ ಕಿಟಕಿಯನ್ನು ಅರ್ಧಕ್ಕೆ ಮುಚ್ಚಿದೆ. ಬೆಳಕು ನೀಲಿಯಾಗಿ ಬರುತ್ತದೆ. ಅಲ್ಲಿ ಕೂತು ಈರುಳ್ಳಿ ಹೆಚ್ಚುವಾಗ ನೀರಿನೊಳಗೆ ಇದ್ದೇನೆ ಅನ್ನಿಸುತ್ತದೆ. ಪಕ್ಕದ ಲೆಸ್ಟರ್ ಮಾಕಿ ದಿನವೂ ಬಂದು ಬಾಗಿಲ ಮುಂದೆ ದಾರಿ ಬಿಡಿಸಿ, ಕಾಫಿ ಕುಡಿದು, ಅಪ್ಪನನ್ನು ನಾಲ್ಕು ಮಾತು ಬೈದು ಹೋಗುತ್ತಾನೆ. ಅವನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ತಡವಾದದ್ದಕ್ಕೆ ಹಿಮವನ್ನು ದೂರುವುದು ಸುಲಭ. ಆದರೆ ನೀನು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ: “ಟೀವಿ ಕಾರ್ಯಕ್ರಮ ಹೇಗಿತ್ತು? ನಿಮ್ಮ ಬೇಟೆ ಇದ್ದ ಹಾಗೇ ಬಂದಿದೆಯಾ?” ನಾನು “ಚೆನ್ನಾಗಿತ್ತು” ಅಂದು ಹಿಮದ ವಿಷಯಕ್ಕೆ ಜಾರಿದೆ. ಅಪ್ಪ ಎದುರಿಗೇ ಕೂತಿದ್ದ. ಅವನ ಎದುರಿಗೆ ಹೇಳಲಾಗದ್ದನ್ನು ಬರೆಯಬೇಕೆಂದು ಅಂದೇ ಕಾಗದ ತೆಗೆದಿಟ್ಟೆ. ಆ ಕಾಗದದ ಮೇಲೆ ಬಹಳ ದಿನ ಮೆಣಸಿನ ಡಬ್ಬಿ ಕೂತಿತ್ತು.

ಅಪ್ಪನ ಮರೆವಿನ ವಿಷಯ ನಿನಗೆ ಗೊತ್ತಿರುವುದೇ. ಮೊದಲು ಹೆಸರುಗಳು ಹೋಗುತ್ತವೆ, ಆಮೇಲೆ ದಿನಗಳು, ಎಂದು ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರು. ಈ ನವೆಂಬರಿನ ಬೇಟೆ ಮುಗಿದ ಮೇಲೆ ಇವರ ಕೈಗೆ ಕೋವಿ ಕೊಡಬೇಡಿ ಎಂದೂ ಅಂದಿದ್ದರು. ಅಂದರೆ ಈ ಸಲದ್ದೇ ಕೊನೆಯ ಬೇಟೆ. ಹೋಗುವುದೆಲ್ಲ ಹೋಗಲಿ, ಈ ಒಂದು ದಿನ ಅವನಲ್ಲಿ ಉಳಿಯಲಿ ಎಂದು ನನಗೆ ಆಸೆ ಇತ್ತು. ಪ್ರಾರ್ಥನೆ ಅನ್ನುವಷ್ಟು ದೊಡ್ಡದೇನಲ್ಲ. ಮನೆ ಖಾಲಿ ಮಾಡುವಾಗ ಒಂದು ಕುರ್ಚಿಯನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಅನ್ನುತ್ತೇವಲ್ಲ, ಹಾಗೆ.

ಅಷ್ಟರಲ್ಲಿ ನಿನ್ನ ಫೋನು ಬಂತು. ನಮ್ಮ ಟೀವಿ ಕಾರ್ಯಕ್ರಮಕ್ಕೆ ಸಾಮಾನ್ಯ ಬೇಟೆಗಾರರ ಬಗ್ಗೆ ಒಂದು ಕಂತು ಮಾಡುತ್ತೇವೆ, ಕಾಡಿನಲ್ಲಿರುವ ಅಪ್ಪನ ಬೇಟೆ ಬಿಡಾರಕ್ಕೆ ಜನ ಕಳಿಸಲಾ ಅಂದೆ. ನೀನೇ ಬರುತ್ತೀಯೇನೋ ಅಂದುಕೊಂಡೆ. ನೀನು ಟೆನೆಸಿಯಲ್ಲೇ ಕೂತು, ಅವರು ತೆಗೆದು ತಂದದ್ದನ್ನು ಕತ್ತರಿಸಿ ಜೋಡಿಸುವವನು ಎಂಬುದು ಮರೆತಿತ್ತು.

ಬಂದವನು ಕಾರ್ಯಕ್ರಮ ನಡೆಸುವ ಟ್ರೆಂಟ್. ಜೊತೆಗೆ ಮಾತೇ ಆಡದ ಒಬ್ಬ ಕ್ಯಾಮೆರಾದವನು. ಟ್ರೆಂಟ್ ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಿಂಕೆಗೆ ಸುಳಿವು ಸಿಗಬಾರದೆಂದು ವಾಸನೆಯೇ ಇಲ್ಲದ ಬಟ್ಟೆ ತೊಟ್ಟಿದ್ದ, ಆದರೆ ನಾನು ಮಾಂಸ ತುಂಬಿ ಬೇಯಿಸಿದ ಪೇಸ್ಟಿಯನ್ನು ನಿಂತಲ್ಲೇ ತಿಂದು ಇನ್ನೊಂದು ಕೇಳಿದ. ಬೇಟೆ ಶುರುವಾಗುವ ದಿನ ಬೆಳಿಗ್ಗೆ ನಾವು ನಾಲ್ವರೂ ಹೊಳೆಯ ಪಕ್ಕದ ಎತ್ತರದ ಹಲಗೆಗೂಡಿನಲ್ಲಿ ಅಡಗಿ, ಜಿಂಕೆಗೆ ಮರಸು ಕೂತೆವು. ಅಪ್ಪನಿಗೂ ನನಗೂ ಅಳತೆಯಾದ ಗೂಡು ಅದು. ಕ್ಯಾಮೆರಾದವನ ಮೊಣಕೈ ಊಟದ ತನಕ ನನ್ನ ಕಿವಿಯಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಟ್ರೆಂಟ್ ಕ್ಯಾಮೆರಾದ ಕಡೆ ತಿರುಗಿ ಪಿಸುಮಾತಿನಲ್ಲಿ ಏನೇನೋ ಹೇಳತೊಡಗಿದ: ಗಾಳಿ ಎತ್ತಲಿಂದ, ಎದೆ ಹೇಗೆ ಹೊಡೆದುಕೊಳ್ಳುತ್ತಿದೆ, ಯಾವ ಕ್ಷಣದಲ್ಲಾದರೂ ಎಂಥ ಗಂಡು ಜಿಂಕೆ ಬರಬಹುದು.

ಅಪ್ಪ ನನ್ನ ಕಡೆ ಬಗ್ಗಿದ. “ಯಾರ ಹತ್ರ ಮಾತಾಡ್ತಿದಾನೆ ಇವನು?”

“ಟೀವಿ ನೋಡೋರ ಹತ್ರ ಅಪ್ಪಾ.”

“ಅವರು ಇಲ್ಲಿಲ್ವಲ್ಲ.”

“ಆಮೇಲೆ ನೋಡ್ತಾರೆ.”

“ಹಂಗಾದ್ರೆ ಆಮೇಲೇ ಹೇಳ್ಳಿ. ಜಿಂಕೆ ಈಗ ಇಲ್ಲೇ ಇದೆಯಲ್ಲ, ಅದಕ್ಕೆ ಕಿವಿ ಕೇಳ್ಸುತ್ತೆ.”

ಟ್ರೆಂಟ್ ಬಾಯಿ ಮುಚ್ಚಿಕೊಂಡು ನಕ್ಕ. ಆಮೇಲೆ ನಾವು ಮಾಡಿದ್ದು ನಾವು ಯಾವಾಗಲೂ ಮಾಡುವುದನ್ನೇ, ಅಂದರೆ ಏನೂ ಇಲ್ಲ. ಕಾಲ್ಬೆರಳು ಮರಗಟ್ಟಿದವು. ಒಂದು ಪುಟ್ಟ ಹಕ್ಕಿ ಅಪ್ಪನ ಕೋವಿಯ ತುದಿಗೆ ಬಂದು ಕೂತು, ಯೋಚಿಸಿ, ಹಾರಿತು. ಅಪ್ಪ ಸ್ವಲ್ಪ ನಿದ್ದೆ ಮಾಡಿದ. ನಾನು ಏಲಕ್ಕಿ ಬನ್ನು ಮುರಿದು ಎಲ್ಲರಿಗೂ ಕೊಟ್ಟೆ. ನಿನ್ನ ಪ್ರಶ್ನೆಗೆ ಉತ್ತರ ಬೇಕಾದರೆ ಇಲ್ಲಿಂದಲೇ ತೆಗೆದುಕೋ. ಬೇಟೆ ಅಂದರೆ ನಮಗೆ ಬಹುಪಾಲು ಇದೇ, ಮತ್ತು ಇದರಲ್ಲಿ ನೋಡುವವರಿಗೆ ಏನೂ ಇಲ್ಲ. ನನಗಂತೂ ಯಾವ ದೂರೂ ಇಲ್ಲ. ವರ್ಷಕ್ಕೊಮ್ಮೆ ನನ್ನನ್ನು ಯಾರೂ ಏನೂ ಕೇಳದ ಜಾಗ ಅದೊಂದೇ.

ಜಿಂಕೆ ಬಂದಾಗ ಅಪ್ಪನಿಗೇ ಮೊದಲು ಕಂಡಿತು. ಸೀಡರ್ ಮರಗಳ ನಡುವಿನಿಂದ, ಅಂಗಳಕ್ಕೆ ಬರುವ ಹಾಗೆ ಬಂತು. ಕೊಂಬು ಮಧ್ಯಮದ್ದು. ಅಪ್ಪ ಕೋವಿ ಎತ್ತಿದ. ಅವನ ಕೈ ಆಗ ಸ್ವಲ್ಪವೂ ನಡುಗಲಿಲ್ಲ, ಅದನ್ನು ನೀನೂ ನೋಡಿರುತ್ತೀ. ಈಡು ಹೊಡೆದ. ಜಿಂಕೆ ತಲೆ ಎತ್ತಿ ನಮ್ಮ ಗೂಡಿನ ಕಡೆ ನೋಡಿತು. ಆಮೇಲೆ ಹೊರಟಿತು. ಓಡಲಿಲ್ಲ ಡೇಲ್, ನಡೆದುಕೊಂಡು ಹೋಯಿತು.

ಇಳಿದು ಹೋಗಿ ಹಿಮದಲ್ಲಿ ರಕ್ತ ಹುಡುಕಿದೆವು. ಒಂದು ಹನಿಯೂ ಇರಲಿಲ್ಲ. ಒಂದು ಸೀಡರಿನ ತೊಗಟೆ ಮಾತ್ರ ಹೊಸದಾಗಿ ಸಿಡಿದಿತ್ತು. ಅಪ್ಪ ಕೈಗವಸು ತೆಗೆದು ಅದನ್ನು ಸವರಿ, “ಮರಕ್ಕೆ ಸರಿಯಾಗೇ ಬಿದ್ದಿದೆ” ಅಂದ.

ಮುಂದಿನದನ್ನು ಹೇಳಬೇಕಾದರೆ ಬಿಡಾರದ ಗೋಡೆಯ ಮಾತು ಎತ್ತಲೇಬೇಕು. ನಿನ್ನನ್ನು ನೋಯಿಸಲಿಕ್ಕಲ್ಲ. ಗುರಿ ತಪ್ಪಿದವರ ಅಂಗಿಯ ಹಿಂಬದಿಯ ಅಂಚು ಕತ್ತರಿಸಿ, ಹೆಸರು, ವರ್ಷ ಬರೆದು ಮೊಳೆಗೆ ಸಿಕ್ಕಿಸುವ ಆ ಗೋಡೆ. ಲೆಸ್ಟರನದೇ ಒಂದು ಸಾಲು ಇದೆ. ನನ್ನದು ಹೂವಿನದು. ಅಪ್ಪನದು ಮಾತ್ರ ಯಾವತ್ತೂ ಇರಲಿಲ್ಲ. ಕತ್ತರಿ ಹಿಡಿಯುವವನು ಯಾವಾಗಲೂ ಅವನೇ. ಒಲೆಯ ಪಕ್ಕದಲ್ಲಿ ಒಂದು ಮೊಳೆ ಬರಿದೇ ಇದೆ, ಅದು ನಿನಗೆ ಗೊತ್ತು. ಹದಿನಾರನೇ ವಯಸ್ಸಿನಲ್ಲಿ ನಿನ್ನ ಗುರಿ ತಪ್ಪಿದ ಸಂಜೆ, ಅಪ್ಪ ಮೊಳೆ ಹೊಡೆದು ಕತ್ತರಿ ಹಿಡಿದು ತಿರುಗುವಷ್ಟರಲ್ಲಿ ನೀನು ಕೋಟೂ ಇಲ್ಲದೆ ಹೆದ್ದಾರಿಯ ಕಡೆ ಓಡಿದ್ದೆ. ಆಮೇಲೆ ನೀನು ಬಿಡಾರಕ್ಕೆ ಕಾಲಿಡಲಿಲ್ಲ. ಆ ಮೊಳೆಗೆ ಅಪ್ಪ ಒಂದು ಟೋಪಿಯನ್ನು ಹಾಕಲೂ ಯಾರಿಗೂ ಬಿಡಲಿಲ್ಲ.

ಈ ಸಲದ ಬೇಟೆಯ ಸಂಜೆ ನಾವು ಬಿಡಾರದೊಳಗೆ ಬಂದಾಗ ಲೆಸ್ಟರ್ ಆಗಲೇ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದ. ಅವನ ಜಿಂಕೆ ಹೊರಗೆ ಕಂಬಕ್ಕೆ ತೂಗುತ್ತಿತ್ತು.

“ಒಂದು ಈಡು ಕೇಳಿಸ್ತಲ್ಲ ವಿಲ್ಹೋ? ಎಲ್ಲಿ ನಿನ್ನ ಗಂಡು?”

“ಮನೆಗೆ ಹೋಯ್ತು,” ಅಂದ ಅಪ್ಪ.

ಲೆಸ್ಟರ್ ಬಾಯಿ ತೆರೆದವನು ಹಾಗೇ ಉಳಿದ. ಟ್ರೆಂಟ್ ಕೂಡ ಗೋಡೆಯನ್ನು ನೋಡಿ ಅರ್ಥ ಮಾಡಿಕೊಂಡಿದ್ದ. ಅಪ್ಪ ಹೋಗಿ ಡ್ರಾಯರಿನಿಂದ ಕತ್ತರಿ ತಂದು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿದ. ಕೆಂಪು ಕರಿ ಚೌಕಳಿಯ ಆ ಉಣ್ಣೆ ಅಂಗಿ.

“ಹೂಂ, ಹಾಕು ಕತ್ತರಿ.”

“ಬೇಡ ಅಪ್ಪಾ, ಒಳ್ಳೆ ಅಂಗಿ.”

“ನಿಂದೂ ಒಳ್ಳೇದೇ ಇತ್ತು, ಹೂವಿಂದು. ನಾನೇನು ಬಿಟ್ಟೆನಾ? ದೊಡ್ಡದಾಗಿ ಕತ್ತರಿಸು, ಕಂಜೂಸ್ತನ ಮಾಡ್ಬೇಡ.”

ಆಗ ಲೆಸ್ಟರನಿಗೆ ಬಾಯಿ ಬಂತು. “ಚಡ್ಡಿವರೆಗೂ ಕತ್ತರಿಸು ಕಾರ್ಲಾ! ಇಷ್ಟು ವರ್ಷದ ಬಡ್ಡಿ ಇದೆ!”

ದಪ್ಪ ಉಣ್ಣೆ, ಮೊಂಡು ಕತ್ತರಿ. ಕತ್ತರಿಸುವುದೇ ಒಂದು ಕೆಲಸವಾಯಿತು. ಅಪ್ಪನ ಬೆನ್ನು ನಗುವಿನಿಂದ ಕುಲುಕುತ್ತಿದ್ದದ್ದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ತಿರುಗಿ ನಿಂತು ತುಂಡನ್ನು ಕೈಯಲ್ಲಿ ಹಿಡಿದಾಗ ಅವನ ಮುಖ ಹೇಗಿತ್ತು ಅಂತ ವರ್ಣಿಸಲಾರೆ. ವರ್ಣಿಸಬೇಕಾಗಿಯೂ ಇಲ್ಲ, ನಿನ್ನ ಹತ್ತಿರ ಅದು ಇದೆ. ಟ್ರೆಂಟ್ ನನ್ನ ಕಿವಿಯಲ್ಲಿ, “ಈ ಪದ್ಧತಿ ನಮ್ಮಲ್ಲಿ ಇದ್ದಿದ್ರೆ ನನ್ನ ಮೈಮೇಲೆ ಕಾಲರ್ ಒಂದೇ ಉಳೀತಿತ್ತು” ಅಂದ. ಆ ದಿನ ಉಳಿಯುತ್ತದೆ ಎಂದು ನನಗೆ ಧೈರ್ಯ ಬಂದದ್ದು ಆಗ.

ಜನವರಿಯಲ್ಲಿ ಕಂತು ಬಂತು. ಲೆಸ್ಟರನೂ ಬಂದಿದ್ದ, ನಾವು ಮೂವರೂ ಸೋಫಾದಲ್ಲಿ ಕೂತೆವು. ಹೊಳೆ ಚೆನ್ನಾಗಿ ಬಂದಿದೆ. ನನ್ನ ಕೈ, ಬನ್ನು ಮುರಿಯುತ್ತಿರುವುದು, ಒಂದು ಕ್ಷಣ ಇದೆ. ಅಪ್ಪ ಕೋವಿ ಎತ್ತುತ್ತಾನೆ, ಈಡಿನ ಸದ್ದು ಕೇಳುತ್ತದೆ, ಒಂದು ಭಾರಿ ಗಂಡು ಹಿಮದಲ್ಲಿ ಮಗುಚಿ ಬೀಳುತ್ತದೆ. ಆಮೇಲೆ ಅಪ್ಪನ ಮುಖ, ನಗುತ್ತಿರುವುದು, ಎದೆಯಿಂದ ಮೇಲಕ್ಕೆ. ಕೈಯಲ್ಲಿ ಏನಿದೆ ಎಂದು ಕಾಣುವುದಿಲ್ಲ.

ಲೆಸ್ಟರ್ ತೊಡೆ ತಟ್ಟಿಕೊಂಡ. “ಏ, ಆ ಮರ ನೋಡು! ಓಕ್ ಅದು! ನಮ್ಮ ಹೊಳೆ ಹತ್ರ ಎಲ್ಲಯ್ಯಾ ಓಕು? ನಿನ್ನ ಗುಂಡು ಮೂರು ರಾಜ್ಯ ದಾಟಿ ಹೋಗಿ ಬಿತ್ತಲ್ಲೋ ವಿಲ್ಹೋ!”

ಅಪ್ಪ ನಗಲಿಲ್ಲ. ಮುಂದಕ್ಕೆ ಬಾಗಿ ಪರದೆಯನ್ನೇ ನೋಡುತ್ತಿದ್ದ. “ದೊಡ್ಡದಿತ್ತು ಅಲ್ವಾ,” ಅಂದ, ಮೆಲ್ಲಗೆ. “ಇಷ್ಟು ದೊಡ್ಡದಿತ್ತು ಅಂತ ಮರ್ತೇಹೋಗಿತ್ತು.”

ಲೆಸ್ಟರ್ ನನ್ನ ಮುಖ ನೋಡಿದ. ನಾನು ಅವನದನ್ನು ನೋಡಿದೆ. ಆಮೇಲೆ ಅವನು, “ಹೌದು ಮಾರಾಯ, ದೊಡ್ಡದೇ ಇತ್ತು” ಅಂದ. ಅವನ ಬಾಯಿಂದ ಅಂಥ ಮೃದುವಾದ ಸುಳ್ಳು ಬಂದದ್ದನ್ನು ನಾನು ಮೊದಲ ಸಲ ಕೇಳಿದೆ.

ಈಗ ಅಪ್ಪನ ಕೊನೆಯ ಬೇಟೆ ಅದೇ. ಅಂಗಡಿಯಲ್ಲಿ ಯಾರಾದರೂ ಕೈ ಕುಲುಕಿದರೆ ಕೊಂಬಿನ ಅಗಲ ತೋರಿಸುತ್ತಾನೆ. ಲೆಸ್ಟರ್ ತನ್ನ ಜಿಂಕೆಯಲ್ಲಿ ಅರ್ಧ ನಮಗೆ ಕೊಟ್ಟ; ಅದರ ಸಾಸೇಜನ್ನು ಅಪ್ಪ ತನ್ನದೇ ಎಂದು ಬಡಿಸುತ್ತಾನೆ, ಲೆಸ್ಟರನಿಗೂ. “ತಗೋ, ನಾಚಿಕೊಳ್ಬೇಡ, ಮುಂದಿನ ವರ್ಷ ನಿಂಗೂ ಸಿಗುತ್ತೆ” ಅನ್ನುತ್ತಾನೆ. ಲೆಸ್ಟರ್ ತಲೆ ತಗ್ಗಿಸಿ ತಿನ್ನುತ್ತಾನೆ. ನಿಜವಾಗಿ ಹೇಳುತ್ತೇನೆ, ಆ ಊಟಗಳು ಸಂತೋಷದವೇ. ಒಂದೆರಡು ಸಲ ನಡೆದದ್ದನ್ನು ಹೇಳಿ ನೋಡಿದೆ. ಅಪ್ಪ ನನ್ನನ್ನು ಕನಿಕರದಿಂದ ನೋಡಿದ. ಮರೆವು ನನಗೇ ಶುರುವಾಗಿದೆ ಅಂದುಕೊಂಡಿರಬೇಕು.

ನಿನ್ನೆ ಆ ಚೌಕಳಿ ಅಂಗಿ ಹಾಕಿಕೊಂಡು ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿ ನಿಂತಿದ್ದ.

“ಇದನ್ನ ಯಾರು ಹಾಳು ಮಾಡಿದ್ದು?”

“ಇಲಿ ಇರ್ಬೇಕು ಅಪ್ಪಾ,” ಅಂದೆ.

“ನೆಟ್ಟಗೆ ಕಡಿಯೋ ಇಲಿ,” ಅಂದ. ಬೇಸರವೇನೂ ಮಾಡಿಕೊಳ್ಳಲಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ: ಇದ್ದ ಹಾಗೆ ಬಂದಿಲ್ಲ, ಅಪ್ಪನಲ್ಲಿ ಈಗ ಬಂದ ಹಾಗೆ ಇದೆ. ನಿನ್ನ ಮೇಲೆ ಸಿಟ್ಟಿಲ್ಲ. ಯಾರದೂ ಗುರಿ ತಪ್ಪದ ಕಾಡನ್ನು ಕಟ್ಟುವುದು ನಿನ್ನ ಕೆಲಸ, ಅದನ್ನು ನೀನು ಚೆನ್ನಾಗಿಯೇ ಮಾಡುತ್ತೀ. ಅಪ್ಪ ಸುಖವಾಗಿದ್ದಾನೆ. ನಾನೂ ಸುಮಾರಾಗಿ ಹಾಗೇ ಇದ್ದೇನೆ.

ನಿನ್ನ ಬೆನ್ನುನೋವಿಗೆ ಸೌನಾದ ಹಬೆಯಷ್ಟು ಒಳ್ಳೆಯದು ಬೇರೆ ಇಲ್ಲ. ಅಲ್ಲಿ ಇಲ್ಲದಿದ್ದರೆ ಬಿಸಿನೀರಾದರೂ ಹಾಕಿಕೋ. ಚೆನ್ನಾಗಿ ನಿದ್ದೆ ಮಾಡು. ನಿನ್ನ ಮನೆಯ ಒಲೆ ಆರದಿರಲಿ, ನಿನ್ನ ಕಾಲು ಬೆಚ್ಚಗಿರಲಿ.

ನಿನ್ನ ಅಕ್ಕ,
ಕಾರ್ಲಾ

ತಾ.ಕ.: ಅಪ್ಪ ತನ್ನ ಅಂಗಿಯ ತುಂಡನ್ನು ಯಾವ ಮೊಳೆಗೆ ಹಾಕಿದ ಎಂದು ಮೇಲೆ ಬರೆಯಲಿಲ್ಲ. ಲೆಸ್ಟರ್ ಹೊಸ ಮೊಳೆ ಹಿಡಿದು ನಿಂತಿದ್ದ. ಅಪ್ಪ ಅವನನ್ನು ದಾಟಿ ಒಲೆಯ ಪಕ್ಕಕ್ಕೆ ಹೋದ. ಸಿಕ್ಕಿಸಿದ ಮೇಲೆ ಕ್ಯಾಮೆರಾದವನನ್ನು, “ಇದನ್ನ ಡೇಲ್ ನೋಡ್ತಾನಾ?” ಅಂತ ಕೇಳಿದ. ಅವನು ಹೌದೆಂದು ತಲೆಯಾಡಿಸಿದ. ಅಪ್ಪ ನೇರ ಕ್ಯಾಮೆರಾದ ಗಾಜಿನೊಳಕ್ಕೆ ನೋಡಿ ಹೇಳಿದ: “ಮಗಾ, ನಿನ್ನ ಮೊಳೆ ನಾನು ತಗೊಂಡೆ. ಇನ್ನು ಇಲ್ಲಿ ನಿನ್ನ ಅಂಗಿಗೆ ಜಾಗ ಇಲ್ಲ. ಹೆದರ್ಕೋಬೇಡ, ಬಾ. ಕಾಫಿ ಕುಡಿದು ಹೋಗು.”

ಆ ಮಾತು ಈಗ ಅಪ್ಪನಲ್ಲಿ ಇಲ್ಲ. ಅದು ಇರುವುದು ನಿನ್ನ ಹತ್ತಿರ, ಕಂತಿಗೆ ಬಾರದ ತುಂಡಿನಲ್ಲಿ ಮಾತ್ರ. ನೋಡಿದೆಯಾ ಎಂದು ಕೇಳುವುದಿಲ್ಲ. ನೀನು ತೆಗೆದುಕೊಂಡ ಆ ನಗುವಿನ ಬೆನ್ನಿಗೇ ಆ ಮಾತು ಬಂದಿತ್ತು. ಅದನ್ನು ಎಸೆಯಬೇಡ. ಬಿಡಾರದ ದಾರಿ ಏಪ್ರಿಲ್ ಕೊನೆಗೆ ತೆರೆಯುತ್ತದೆ. ಬೀಗದ ಕೈ ಹಳೆಯ ಜಾಗದಲ್ಲೇ ಇದೆ.